ಅತ್ತೆ ಮನೆಗೆ ನೆರಳು ಬಂದ ವರ್ಷ

ಬೇಸಿಗೆ ರಜೆ ಬಂತೆಂದರೆ ನನ್ನ ಮೊಮ್ಮಗಳು ಒಂದೇ ಪ್ರಶ್ನೆ ಹಿಡಿದುಕೊಂಡು ಕೂರುತ್ತಾಳೆ. ಶನಿವಾರ, ಭಾನುವಾರ ಎರಡು ದಿನ ನಿನ್ನ ಊರಿಗೆ ಹೋದರೆ ಅಲ್ಲಿ ಮಾಡೋದಕ್ಕೆ ಏನಿದೆ ಅಜ್ಜಿ? ಅವಳ ಫೋನಿನಲ್ಲಿ ಎಲ್ಲ ಊರುಗಳಿಗೂ ಉತ್ತರವಿದೆ. ಒಂದೂರಿಗೆ ಜಲಪಾತ, ಒಂದೂರಿಗೆ ಕೋಟೆ, ಇನ್ನೊಂದೂರಿಗೆ ಬೆಣ್ಣೆ ದೋಸೆ. ನಮ್ಮೂರನ್ನು ಹುಡುಕಿದರೆ ಮಾತ್ರ ಏನೂ ಬರುವುದಿಲ್ಲ. ಬರುವುದಾದರೂ ಏನು? ನಮ್ಮಲ್ಲಿ ಬೆಟ್ಟವೆಂದರೆ ಮುನ್ಸಿಪಾಲಿಟಿಯವರು ಮಣ್ಣು ಸುರಿದ ದಿಬ್ಬ, ನೀರೆಂದರೆ ನೀರಿನ ಟ್ಯಾಂಕು. ನೋಡುವುದಕ್ಕೆ ಏನೂ ಇಲ್ಲ ಕಣೇ, ಕೂರುವುದಕ್ಕೆ ಇತ್ತು, ಅನ್ನುತ್ತೇನೆ. ಅವಳು ಮೂಗು ಮುರಿದು ಎದ್ದು ಹೋಗುತ್ತಾಳೆ. ನಾನು ಮಾತ್ರ ಅಲ್ಲೇ ಕೂತು ನಮ್ಮೂರಿನ ನೆರಳನ್ನು ನೆನೆಯುತ್ತೇನೆ.

ನೆರಳೆಂದರೆ ಮರದ ನೆರಳು. ಮರವನ್ನು ಮಾತ್ರ ನಾವ್ಯಾರೂ ನೋಡಿಲ್ಲ. ನಮ್ಮ ಅಜ್ಜಿಯೂ ನೋಡಿರಲಿಲ್ಲ, ಅಜ್ಜಿಯ ಅಜ್ಜಿಯೂ ನೋಡಿರಲಿಲ್ಲವಂತೆ. ವರ್ಷವಿಡೀ ಅದು ನೀರಿನ ಟ್ಯಾಂಕಿನ ಹಿಂದಿನ ಬಯಲಿನಲ್ಲಿ ಬಿದ್ದಿರುತ್ತಿತ್ತು. ದಪ್ಪನೆಯ ಕಾಂಡ, ನಾಲ್ಕೂ ಕಡೆ ಹರಡಿದ ಕೊಂಬೆ, ಗಾಳಿಯಿಲ್ಲದಿದ್ದರೂ ಅಲ್ಲಾಡುವ ಎಲೆ, ಎಲ್ಲವೂ ನೆಲದ ಮೇಲೆಯೇ. ಸೂರ್ಯ ಎತ್ತ ಹೋದರೂ ಅದು ಕದಲುತ್ತಿರಲಿಲ್ಲ. ಎಮ್ಮೆಗಳು ಅದರಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು, ಮನೆಯಲ್ಲಿ ಬೈಸಿಕೊಂಡ ಗಂಡಸರು ಟವಲ್ ಹಾಸಿ ಮಲಗುತ್ತಿದ್ದರು. ರಜೆಯ ಕೊನೆಯ ಶನಿವಾರ ಮಾತ್ರ, ಬೆಳಗ್ಗೆ ಬಿಸಿಲು ಬೀಳುವ ಹೊತ್ತಿಗೆ, ಅದು ಊರೊಳಗಿನ ಯಾವುದೋ ಒಂದು ಬೀದಿಗೆ ಬಂದು ಮಲಗಿರುತ್ತಿತ್ತು. ಭಾನುವಾರ ಸಂಜೆ ಬಿಸಿಲು ಇಳಿಯುವವರೆಗೆ ಅಲ್ಲೇ. ಸೋಮವಾರ ಮತ್ತೆ ಟ್ಯಾಂಕಿನ ಹಿಂದೆ, ಎಮ್ಮೆಗಳ ಹತ್ತಿರ.

ಆ ಎರಡು ದಿನ ಇಡೀ ಊರು ನೆರಳಿದ್ದ ಬೀದಿಗೆ ಹೋಗುತ್ತಿತ್ತು. ಹೋಗದೆ ಇರುವುದೆಂಬುದು ನಮ್ಮಲ್ಲಿರಲಿಲ್ಲ. ಚಾಪೆ, ಕೊಬ್ಬರಿ ಎಣ್ಣೆ ಬಾಟಲಿ, ಚೌಕಾಬಾರದ ಕವಡೆ, ತೊಟ್ಟಿಲ ಕೂಸು ಎಲ್ಲ ಹೊತ್ತುಕೊಂಡು ಬರುತ್ತಿದ್ದರು. ಕ್ಷೌರದವರು ಕುರ್ಚಿ ತಂದು ಕಾಂಡದ ನೆರಳಿನಲ್ಲಿ ಹಾಕುತ್ತಿದ್ದರು, ಅಲ್ಲಿ ಬೆಳಕು ಒಂದೇ ಸಮನೆ ಇರುತ್ತದೆಂದು. ಕೇರಂ ಬೋರ್ಡಿನವರಿಗೆ ಎಲೆಯ ನೆರಳು ಅಲ್ಲಾಡಿ ಗುರಿ ತಪ್ಪುತ್ತಿತ್ತು, ಆದ್ದರಿಂದ ಅವರಿಗೂ ಕ್ಷೌರದವರಿಗೂ ವರ್ಷವರ್ಷವೂ ಜಗಳ. ಹೆಂಗಸರು ನೆರಳಿನ ಅಂಚಿನಲ್ಲಿ ಕೂರುತ್ತಿದ್ದರು, ಕೈ ಚಾಚಿದರೆ ಬಿಸಿಲಿನಲ್ಲಿ ಸಂಡಿಗೆ ಇಡುವಷ್ಟು ಹತ್ತಿರ. ಐಸ್ ಕ್ಯಾಂಡಿ ಡಬ್ಬದವನು, ತಾಟಿನಿಂಗು ಹೆಚ್ಚುವವಳು, ಪರದೆಯ ಮೇಲೆ ವಿಮಾನ ಬರೆಸಿದ್ದ ಫೋಟೋದವನು, ಎಲ್ಲರಿಗೂ ಅಲ್ಲೇ ವ್ಯಾಪಾರ. ಮಧ್ಯಾಹ್ನ ಉಂಡ ಮೇಲೆ ಊರಿಗೆ ಊರೇ ಒಟ್ಟಿಗೆ ನಿದ್ದೆ ಹೋಗುತ್ತಿತ್ತು. ಅಷ್ಟು ಜನರ ಗೊರಕೆಯ ನಡುವೆ ಎಚ್ಚರವಾಗಿ ಮಲಗಿ, ತಲೆಯ ಮೇಲೆ ಏನೂ ಇಲ್ಲದ ಬರೀ ಆಕಾಶವನ್ನು ನೋಡುತ್ತಾ, ಮೈಮೇಲೆ ಎಲೆಗಳು ಆಡುವುದನ್ನು ನೋಡುವುದಿತ್ತಲ್ಲ, ಅದಕ್ಕಿಂತ ಸುಖವಾದದ್ದನ್ನು ನಾನು ಆಮೇಲೆ ಕಂಡಿಲ್ಲ.

ಒಂದು ಕಟ್ಟಳೆ ಇತ್ತು. ಕಾಂಡದ ಬುಡ ಯಾರ ಮನೆಯ ಹೊಸ್ತಿಲಿಗೆ ತಾಗಿರುತ್ತದೋ ಅವರದೇ ಆ ವರ್ಷದ ಯಜಮಾನಿಕೆ. ನೆರಳಿಗೆ ಬಂದ ಪ್ರತಿಯೊಬ್ಬರೂ ಮೊದಲು ಆ ಹೊಸ್ತಿಲು ದಾಟಿ ಒಳಗೆ ಹೋಗಬೇಕು, ಮನೆಯವರು ಕೈಯಾರೆ ಕೊಟ್ಟ ಒಂದು ಲೋಟ ನೀರುಮಜ್ಜಿಗೆ ಕುಡಿಯಬೇಕು, ಆಮೇಲೆ ಬಂದು ಚಾಪೆ ಹಾಸಬೇಕು. ಇಂಥವರು ಬೇಡ ಎಂದು ಮನೆಯವರೂ ಅನ್ನುವಂತಿಲ್ಲ, ಆ ಮನೆಗೆ ಕಾಲಿಡುವುದಿಲ್ಲ ಎಂದು ಬರುವವರೂ ಅನ್ನುವಂತಿಲ್ಲ. ನಮ್ಮಪ್ಪ ಕಣ್ಣಿಟ್ಟಿದ್ದದ್ದು ಈ ಕಟ್ಟಳೆಯ ಮೇಲೆಯೇ.

ಅಪ್ಪನ ಹೆಸರು ರೇವಣಪ್ಪ. ಪೇಟೆಯಲ್ಲಿ ಸೈಕಲ್ ಶಾಪು ಇಟ್ಟಿದ್ದ. ಅವನಿಗೆ ಒಬ್ಬಳೇ ತಂಗಿ, ದಾಕ್ಷಾಯಣಮ್ಮ. ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಅವಳ ಮನೆ. ನಾನು ಚಿಕ್ಕವಳಿದ್ದಾಗ ರಜೆಯೆಂದರೆ ದಾಕ್ಷಾಯಣತ್ತೆಯ ಮನೆಯೇ. ಅವಳ ಮಗಳು ಅನ್ನಪೂರ್ಣ ನನ್ನ ಓರಗೆಯವಳು. ಆ ಮನೆಯ ಮುಂದೆ ಒಂದು ದೊಡ್ಡ ಬೇವಿನ ಮರವಿತ್ತು. ಅತ್ತೆ ಮದುವೆಯಾಗಿ ಆ ಮನೆಗೆ ಹೋದ ವಾರ ಅಪ್ಪನೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಸಸಿ ಕಟ್ಟಿಕೊಂಡು ಹೋಗಿ ನೆಟ್ಟು ಬಂದಿದ್ದ. ಅತ್ತೆಯ ಸಂಸಾರವೆಲ್ಲ ಆ ಮರದ ಬುಡದಲ್ಲೇ ನಡೆಯುತ್ತಿತ್ತು. ಅಕ್ಕಿ ಆರಿಸುವುದು ಅಲ್ಲಿ, ನಮ್ಮಿಬ್ಬರ ತಲೆ ಬಾಚುವುದು ಅಲ್ಲಿ, ಮಾವನನ್ನು ಬೈಯುವುದೂ ಅಲ್ಲೇ. ಯುಗಾದಿಗೆ ಅರ್ಧ ಊರಿಗೆ ಬೇವಿನ ಹೂವು ಹೋಗುತ್ತಿದ್ದದ್ದು ಅತ್ತೆಯ ಅಂಗಳದಿಂದ.

ಅಜ್ಜಿ ತೀರಿಕೊಂಡ ಮೇಲೆ ಶಿವಗಣಾರಾಧನೆಯ ಊಟದ ದಿನ ಎಲ್ಲ ಕೆಟ್ಟಿತು. ಪಂಕ್ತಿಯಲ್ಲಿ ಜನ ಕೂತಿದ್ದಾಗ ಅತ್ತೆ ಅಳುತ್ತಾ, ಕೊನೆಗಾಲದಲ್ಲಿ ನಮ್ಮವ್ವಗೆ ಒಂದು ಲೋಟ ಮಜ್ಜಿಗೆ ಕೊಡೋರೂ ಇರಲಿಲ್ಲ ಎಂದುಬಿಟ್ಟಳು. ಕಫ ಕಟ್ಟುತ್ತದೆ, ಮಜ್ಜಿಗೆ ಬೇಡ ಎಂದಿದ್ದವರು ಡಾಕ್ಟರು. ಅದು ಅತ್ತೆಗೂ ಗೊತ್ತಿತ್ತು, ದುಃಖದಲ್ಲಿ ಬಾಯಿಗೆ ಬಂದದ್ದು ಅಂದಿದ್ದಳು. ಆದರೆ ಅಜ್ಜಿಯ ಹಾಸಿಗೆ ಬಿಟ್ಟು ಕದಲದಿದ್ದ ಅಮ್ಮ ಬಡಿಸುತ್ತಿದ್ದ ಸೌಟು ಅಲ್ಲೇ ಇಟ್ಟು ಒಳಗೆ ಹೋದಳು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಹಂಗಾದ್ರೆ ಈ ಮನೆ ನೀರೂ ಮುಟ್ಟಬ್ಯಾಡ, ಅಂದ. ಅತ್ತೆಯ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ನೆಲದ ಮೇಲಿಟ್ಟು, ಸೆರಗು ಹೊದ್ದು ಹೊರಟುಹೋದಳು. ಆಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ, ನಾವೂ ಅವಳ ಮನೆಗೆ ಹೋಗಲಿಲ್ಲ. ಹೋಗಬೇಡ ಎಂದು ನನಗೆ ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನೆರಳಿನ ಎರಡು ದಿನ ಮಾತ್ರ ಅತ್ತೆಯ ಹತ್ತಿರ ಕೂರುವುದಕ್ಕೆ ಸಿಗುತ್ತಿತ್ತು. ಅವಳು ಕಾಂಡದ ಕಡೆ ಚಾಪೆ ಹಾಸಿದರೆ ಅಪ್ಪ ಕೊಂಬೆಯ ತುದಿಯಲ್ಲಿ ಹಾಸುತ್ತಿದ್ದ. ಅವಳು ಕೊಂಬೆಯ ಕಡೆ ಬಂದರೆ ಅಪ್ಪ ಕಾಂಡದ ಕಡೆ. ಊರಿನವರು ನಡುವಿನ ಜಾಗ ತುಂಬಿಕೊಳ್ಳುತ್ತಿದ್ದರು.

ಅಪ್ಪನಿಗೆ ತಾನು ಅಂದ ಮಾತು ಅಂದ ದಿನವೇ ಚುಚ್ಚಿತ್ತು ಅಂತ ಕಾಣುತ್ತದೆ. ಆದರೆ ಹೋಗಿ ಕರೆಯುವ ಗಂಡಸಲ್ಲ ಅವನು. ಎರಡು ಬೀದಿ ದೂರ, ಒಂದು ಮಾತು ಕರೆದು ಬನ್ರೀ, ಎಂದು ಅಮ್ಮ ಎಷ್ಟೋ ಸಲ ಹೇಳಿದಳು. ನಾನ್ಯಾಕೆ ಕರೀಲಿ, ನೆರಳು ಕರೆದ್ರೆ ತಾನೇ ಬರ್ತಾಳೆ, ಅನ್ನುತ್ತಿದ್ದ. ನೆರಳು ನಮ್ಮ ಮನೆಗೆ ಬಂದರೆ ಅತ್ತೆ ಹೊಸ್ತಿಲು ದಾಟಲೇಬೇಕು, ನಮ್ಮ ಮನೆಯ ಮಜ್ಜಿಗೆ ಕುಡಿಯಲೇಬೇಕು. ಇವನೂ ಬಗ್ಗಿದ ಹಾಗಲ್ಲ, ಅವಳೂ ಸೋತ ಹಾಗಲ್ಲ. ಇದು ಅಪ್ಪನ ಲೆಕ್ಕ.

ಹಾಗಾಗಿ ನೆರಳನ್ನು ಕರೆಸಿಕೊಳ್ಳುವ ಕೆಲಸಕ್ಕೆ ಕೈ ಹಾಕಿದ. ನೆರಳು ತಂಪಿದ್ದ ಕಡೆ ಬರುತ್ತದೆ, ಮರ್ಯಾದೆ ಮಾಡುವವರ ಮನೆಗೆ ಬರುತ್ತದೆ ಎಂಬುದು ಊರಿನ ನಂಬಿಕೆ. ಅಪ್ಪ ಮೊದಲ ವರ್ಷ ಬಾಗಿಲ ಮುಂದೆ ನೀರು ಹೊಡೆಸಿ ನಾಲ್ಕು ಗಳ ನಿಲ್ಲಿಸಿ ತೆಂಗಿನ ಗರಿ ಹೊದಿಸಿದ. ನೆರಳು ಎಣ್ಣೆ ಗಾಣದ ಬೀದಿಗೆ ಹೋಯಿತು. ಮರುವರ್ಷ ಚಪ್ಪರ ದೊಡ್ಡದಾಯಿತು, ನೆರಳು ಪೊಲೀಸ್ ಕ್ವಾರ್ಟರ್ಸಿಗೆ ಹೋಯಿತು. ಅದರ ಮುಂದಿನ ವರ್ಷ ಲಾವಂಚದ ತಟ್ಟಿ, ಮಾವಿನ ತೋರಣ, ಬಾಳೆ ಕಂಬ. ವರ್ಷ ಕಳೆದ ಹಾಗೆ ನಮ್ಮ ಮನೆಯ ಮುಂದೆ ಎಂಥ ಚಪ್ಪರ ಏಳುತ್ತಿತ್ತೆಂದರೆ, ಮದುವೆ ಯಾರದು ರೇವಣ್ಣ, ಎಂದು ದಾರಿಯಲ್ಲಿ ಹೋಗುವವರು ಕಾಲೆಳೆಯುತ್ತಿದ್ದರು. ಅಪ್ಪ ಶುಕ್ರವಾರ ಅಂಗಡಿ ಮುಚ್ಚಿ ತಾನೇ ಏಣಿ ಹತ್ತಿ ಗರಿ ಬಿಗಿಯುತ್ತಿದ್ದ. ಅಮ್ಮ ದೊಡ್ಡ ಹರವಿಯಲ್ಲಿ ಮಜ್ಜಿಗೆ ಕಡೆದಿಡುತ್ತಿದ್ದಳು. ಶನಿವಾರ ಬಿಸಿಲು ಬಿದ್ದಾಗ ನಮ್ಮ ಬಾಗಿಲಲ್ಲಿ ಚಪ್ಪರದ ನೆರಳು ಬಿಟ್ಟು ಬೇರೆ ನೆರಳಿರುತ್ತಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಬೀದಿ ನೋಡುತ್ತಾ ನಿಂತು, ಈ ಸಲ ಗರಿ ಒಣಗಿದ್ದವು, ಎನ್ನುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೂ ಬರುತ್ತಿತ್ತು, ಪಾಪ ಎಂದೂ ಅನ್ನಿಸುತ್ತಿತ್ತು.

ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದ ವರ್ಷ. ನೆರಳು ಬರುವ ವಾರ, ಬೀದಿ ನಲ್ಲಿಯ ಹತ್ತಿರ ಅನ್ನಪೂರ್ಣ ಸಿಕ್ಕಳು. ಅವಳ ಕಣ್ಣು ಊದಿಕೊಂಡಿತ್ತು. ಅವ್ವ ಬೇವಿನ ಮರ ಕಡಿಸಿಬಿಟ್ಟಳು ಕಣೇ, ಅಂದಳು. ಗೆದ್ದಲು ಹಿಡಿದಿದೆ, ಯಾರ ತಲೆ ಮೇಲಾದರೂ ಬಿದ್ದೀತು ಎಂದಳಂತೆ. ಮಾವ ಬೇಡವೆಂದರೂ ಕೇಳದೆ ಗರಗಸದವರನ್ನು ಕರೆಸಿ, ಮರ ಉರುಳುವಾಗ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ನಾನು ಈ ಸುದ್ದಿಯನ್ನು ಅಮ್ಮನಿಗೆ ಹೇಳಿದೆ. ಅಮ್ಮ ಕೈಯಲ್ಲಿದ್ದ ಕೆಲಸ ಬದಿಗಿಟ್ಟಳು. ನಿಮ್ಮಪ್ಪಗೆ ಈಗಲೇ ಹೇಳಬ್ಯಾಡ, ಅಂದಳು. ಅಪ್ಪ ಹೊರಗೆ ಏಣಿಯ ಮೇಲಿದ್ದ.

ಶನಿವಾರ ನೆರಳು ದಾಕ್ಷಾಯಣತ್ತೆಯ ಮನೆಗೆ ಬಂತು.

ಸುದ್ದಿ ಬಿಸಿಲಿನ ಜೊತೆಗೇ ಬೀದಿಬೀದಿಗೆ ಹೋಯಿತು. ನಮ್ಮ ಬೀದಿಯವರೆಲ್ಲ ಚಾಪೆ ಸುರುಳಿ ಸುತ್ತಿಕೊಂಡು ಹೊರಟರು. ನಮ್ಮ ಚಪ್ಪರದ ಕೆಳಗೆ ಹಾಯುವಾಗ ಮಾತ್ರ ದನಿ ತಗ್ಗಿಸಿ ದಾಟಿದರು. ಅಪ್ಪ ಗಳಕ್ಕೆ ಒರಗಿ ನಿಂತಿದ್ದ. ನೀವು ಹೋಗ್ರಿ, ನಾನು ಆಮೇಲೆ ಬರ್ತೀನಿ, ಅಂದ. ಅಮ್ಮ ಅವನ ಮುಖ ನೋಡಿ, ಹೊಸ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ನಡೆದಳು.

ಎಷ್ಟು ವರ್ಷದ ಮೇಲೆ ಆ ಅಂಗಳ. ಬೇವಿನ ಮರವಿದ್ದಲ್ಲಿ ಮೊಣಕಾಲೆತ್ತರದ ಮೋಟು ನಿಂತಿತ್ತು. ಅದರ ಮೇಲೆಲ್ಲ ಕಾಣದ ಮರದ ಎಲೆಗಳು ಆಡುತ್ತಿದ್ದವು. ಕಾಂಡದ ಬುಡ ಸರಿಯಾಗಿ ಅತ್ತೆಯ ಹೊಸ್ತಿಲಿಗೆ ತಾಗಿತ್ತು. ಒಳಗೆ ಅತ್ತೆ ಹರವಿಯ ಪಕ್ಕ ನಿಂತು ಒಬ್ಬೊಬ್ಬರಿಗೇ ಲೋಟ ಕೊಡುತ್ತಿದ್ದಳು. ಅಮ್ಮನ ಸರದಿ ಬಂದಾಗ ಅತ್ತೆ ಲೋಟವನ್ನು ತುಳುಕುವಷ್ಟು ತುಂಬಿದಳು. ಅವತ್ತು ಅಂದದ್ದೂ ಮಜ್ಜಿಗೆಯ ಮಾತೇ ಅಲ್ಲವೇ. ಅತ್ತಿಗೆ, ಎಂದು ಲೋಟ ಚಾಚಿದಳು. ಅಮ್ಮ ಅವಳ ಕೈ ಮೇಲೆ ಕೈಯಿಟ್ಟು ಲೋಟ ತೆಗೆದುಕೊಂಡು ಪೂರ್ತಿ ಕುಡಿದಳು. ಅತ್ತೆ ನನ್ನ ಗಲ್ಲ ಹಿಡಿದು ಎಷ್ಟು ಉದ್ದ ಆಗಿದ್ದೀಯೇ ಎಂದಳು, ಆದರೆ ಅವಳ ಕಣ್ಣು ನಮ್ಮ ಹೆಗಲಿನಾಚೆ ಬೀದಿಯ ಕಡೆಗಿತ್ತು. ಅಣ್ಣ ಎಲ್ಲಿ ಎಂದು ಕೇಳಲಿಲ್ಲ. ಅವತ್ತು ಇಡೀ ದಿನ ಹೊರಗೆ ಯಾರ ಚಪ್ಪಲಿ ಸದ್ದಾದರೂ ತಲೆಯೆತ್ತುತ್ತಿದ್ದಳು. ಅಪ್ಪ ಬರಲಿಲ್ಲ.

ಭಾನುವಾರವೂ ಮಧ್ಯಾಹ್ನ ದಾಟಿತು. ಕ್ಷೌರದವರೂ ಕೇರಂನವರೂ ಆ ಸಲ ಜಗಳವನ್ನೇ ಆಡಲಿಲ್ಲ. ಊರಿನ ಗಮನವೆಲ್ಲ ಬೀದಿಯ ತುದಿಯ ಮೇಲಿತ್ತು. ನೆರಳಿಗೆ ಬಾರದೆ ಉಳಿದವನು ಅಪ್ಪನೊಬ್ಬನೇ, ಅದೂ ಸ್ವಂತ ತಂಗಿಯ ಮನೆಗೆ. ಸಂಜೆ ಬಿಸಿಲು ಇಳಿದರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಅವರಿಬ್ಬರೂ ಒಂದಾಗುವುದಿಲ್ಲ ಎಂದು ನನಗೆ ಅನ್ನಿಸಿತು. ಅಮ್ಮನ ಹತ್ತಿರ ಹೋಗಿ, ನಾನು ಅಪ್ಪನಿಗೆ ಹೇಳುತ್ತೇನೆ ಎಂದೆ. ಅಮ್ಮ ಹೂಂ ಎಂದಳು.

ಅಪ್ಪ ಚಪ್ಪರದ ಕೆಳಗೆ, ಅಷ್ಟೆಲ್ಲ ತೋರಣದ ನಡುವೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ನಮ್ಮ ಹರವಿಯ ಮಜ್ಜಿಗೆ ಹುಳಿ ವಾಸನೆ ಹೊಡೆಯುತ್ತಿತ್ತು. ಬಾ ಎಂದು ಕರೆದರೆ ಬರುವುದಿಲ್ಲವೆಂದು ಗೊತ್ತಿತ್ತು. ಅಪ್ಪಾ, ಗೆದ್ದಲು ಹಿಡಿದಿದೆ ಅಂತ ಅತ್ತೆ ಬೇವಿನ ಮರ ಕಡಿಸಿಹಾಕಿದ್ದಾಳೆ, ಅಂದೆ.

ಯಾವ ಬೇವಿನ ಮರ ಎಂದು ಕೇಳಿದ, ಊರಿನಲ್ಲಿ ನೂರಿದ್ದ ಹಾಗೆ. ಆಮೇಲೆ ಎದ್ದ. ನಾನು ನೆಟ್ಟ ಮರ ಅಂತಲೇ ಕಡಿಸಿದ್ದಾಳೆ, ಇಷ್ಟು ಹಗೆ ಇತ್ತಾ ಅವಳಿಗೆ, ಎಂದವನೇ ಚಪ್ಪಲಿಯನ್ನೂ ಮೆಟ್ಟದೆ ಬಿಸಿಲಿನಲ್ಲಿ ದಾಪುಗಾಲು ಹಾಕಿದ. ನಾನು ಹಿಂದೆ ಓಡಿದೆ. ಅಯ್ಯೋ, ಕರೆತರಲು ಹೋಗಿ ಜಗಳಕ್ಕೆ ದೂಡಿದೆನಲ್ಲ ಎಂದುಕೊಂಡೆ.

ಅಪ್ಪ ನೆರಳಿಗೆ ಕಾಲಿಟ್ಟಾಗ ಜನ ತಾವಾಗಿಯೇ ದಾರಿ ಬಿಟ್ಟರು. ಅವನು ಮನೆಯ ಕಡೆ ನೋಡಲೇ ಇಲ್ಲ, ನೆಟ್ಟಗೆ ಮೋಟಿನ ಹತ್ತಿರ ಹೋದ. ಬಗ್ಗಿ ಅದರ ಮೇಲೆ ಅಂಗೈ ಆಡಿಸಿದ. ಉಗುರಿನಿಂದ ತೊಗಟೆ ಎಬ್ಬಿಸಿ ನೋಡಿದ. ಸುತ್ತಲೂ ಒಂದು ಪ್ರದಕ್ಷಿಣೆ ಬಂದ. ಮರ ಒಳಗೆಲ್ಲ ಕೆಂಪಗೆ ಗಟ್ಟಿಯಾಗಿತ್ತು, ಒಂದು ತೂತಿರಲಿಲ್ಲ. ಅತ್ತೆ ಹೊಸ್ತಿಲ ಒಳಗೆ ಲೋಟ ಹಿಡಿದು ನಿಂತಿದ್ದಳು.

"ಗೆದ್ದಲು ಎಲ್ಲೈತೆ ದಾಕ್ಷಿ?" ಅಂದ ಅಪ್ಪ.

"ಗೆದ್ದಲು ಇರಲಿಲ್ಲಣ್ಣ."

"ಮತ್ಯಾಕೆ ಕಡಿಸಿದೆ?"

ಇಡೀ ಊರು ಕೇಳುತ್ತಿದೆ ಎಂಬುದು ಅತ್ತೆಗೆ ಗೊತ್ತಿತ್ತು, ಆದರೂ ಮೆಲ್ಲಗೇ ಹೇಳಿದಳು.

"ಪಕ್ಕದ ಮನೆಯೋರ ಹುಣಸೆಮರ ಗಾಳಿಗೆ ಬಿದ್ದ ವರ್ಷ ನೆರಳು ಅವರ ಬಾಗಿಲಿಗೆ ಬಂತು. ಅವತ್ತೇ ನನಗೆ ಗೊತ್ತಾತು, ಅದು ಬರೋದು ನೆರಳಿಲ್ಲದ ಕಡೆಗೆ ಅಂತ. ನೀನು ಈ ವರ್ಷ ಚಪ್ಪರ ಹಾಕಲ್ಲ, ಮುಂದಿನ ವರ್ಷ ಹಾಕಲ್ಲ ಅಂತ ಕಾದೆ. ನೆರಳು ನಿನ್ನ ಮನೆಗೆ ಬಂದ್ರೆ ನಾನು ಬರಬೋದಲ್ಲ ಅಂತ. ನೀನು ವರ್ಷವರ್ಷ ದೊಡ್ಡದೇ ಕಟ್ಟಿದೆ. ನಿನ್ನ ಚಪ್ಪರ ನಾನು ಕೀಳೋ ಹಂಗಿಲ್ಲ. ನನ್ನ ಮರ ನಾನು ಕಡೀಬೋದಲ್ಲ."

ಅಪ್ಪ ಮೋಟಿನ ಮೇಲೆ ಕೂತುಬಿಟ್ಟ. ಅಷ್ಟು ವರ್ಷ ತಾನು ತಂಗಿಯನ್ನು ಕರೆಯಲು ಕಟ್ಟಿದ್ದೆಲ್ಲ ಅವಳ ದಾರಿಗೆ ಅಡ್ಡ ಕಟ್ಟಿದ್ದಾಗಿತ್ತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನು ಅಪ್ಪ ಅತ್ತದ್ದು ನೋಡಿದ್ದು ಅವತ್ತೇ, ಅಜ್ಜಿ ಹೋದಾಗಲೂ ಅತ್ತಿರಲಿಲ್ಲ. ಫೋಟೋದವನು, ಐಸ್ ಕ್ಯಾಂಡಿಯವನು, ಎಲ್ಲರೂ ಬೇರೆ ಕಡೆ ನೋಡುತ್ತಾ ನಿಂತರು. ನಮ್ಮೂರಿನವರಿಗೆ ಅಷ್ಟು ಮರ್ಯಾದೆ ಇತ್ತು.

ಬಿಸಿಲು ಇಳಿಯುತ್ತಿತ್ತು, ನೆಲದ ಮೇಲಿನ ಎಲೆಗಳು ಮಸುಕಾಗುತ್ತಿದ್ದವು. ಅತ್ತೆ ಕರೆದಳು, ಒಳಗೆ ಬಾ ಅಣ್ಣ, ಹೊತ್ತಾಗ್ತೈತೆ, ಎಂದು. ಅಪ್ಪ ಎದ್ದು ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ಹೊಸ್ತಿಲು ದಾಟಿದ. ಅವಳು ಕೊಟ್ಟ ಲೋಟ ತೆಗೆದುಕೊಂಡು ನಿಂತೇ ಕುಡಿದ. ಉಪ್ಪು ಕಡಿಮೆಯಾಗಿದೆ, ಅಂದ. ಹರವಿ ತಳ ಬಂದಿದೆ, ಕೊನೆಗೆ ಬಂದವರಿಗೆ ಉಪ್ಪು ಎಲ್ಲಿಂದ ತರಲಿ, ಎಂದಳು ಅತ್ತೆ. ಮಾವ ಮೂಲೆಯಲ್ಲಿ ನಿಂತು ಜೋರಾಗಿ ನಕ್ಕ. ಆಮೇಲೆ ಹೊರಗೂ ನಗು ಕೇಳಿತು.

ಈಗ ಅಪ್ಪನಿಲ್ಲ, ಅತ್ತೆಯೂ ಇಲ್ಲ. ಊರಿನಲ್ಲಿ ಮೂರು ಅಂತಸ್ತು, ನಾಲ್ಕು ಅಂತಸ್ತಿನ ಕಟ್ಟಡಗಳೆದ್ದು ಎಲ್ಲ ಬೀದಿಗೂ ಎಂಥದೋ ಒಂದು ನೆರಳು ಬೀಳುತ್ತದೆ. ಹಾಗಾಗಿ ಆ ನೆರಳು ಟ್ಯಾಂಕಿನ ಹಿಂದಿನಿಂದ ಏಳುವುದನ್ನೇ ಬಿಟ್ಟಿದೆಯಂತೆ, ಅನ್ನಪೂರ್ಣ ಫೋನಿನಲ್ಲಿ ಹೇಳುತ್ತಾಳೆ. ಎಮ್ಮೆಗಳೂ ಇಲ್ಲವಲ್ಲ, ಒಂದೇ ಏನು ಮಾಡುತ್ತದೋ ಪಾಪ, ಅನ್ನುತ್ತಾಳೆ. ಅವಳು ಈಗಿರುವುದು ಅತ್ತೆಯ ಮನೆಯಲ್ಲೇ, ಅದರ ಮುಂದಿನ ಮೋಟಿನಿಂದ ಬೇವು ಚಿಗುರಿ ಮತ್ತೆ ಮರವಾಗಿದೆ. ಮೊಮ್ಮಗಳನ್ನು ಈ ರಜೆಯಲ್ಲಿ ಅಲ್ಲಿಗೇ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಬೇವಿನ ಕೆಳಗೆ ಕೂತು ಆ ಸೋಮವಾರದ ಕಥೆ ಹೇಳಬೇಕು.

ಆ ಸೋಮವಾರ ಬೆಳಗ್ಗೆ ಅಪ್ಪ ನಮ್ಮ ಚಪ್ಪರವನ್ನು ಬಿಚ್ಚಿದ. ಗಳ, ಗರಿ, ಹಗ್ಗ ಎಲ್ಲವನ್ನೂ ಗಾಡಿಗೆ ಹೇರಿಸಿಕೊಂಡು ಅತ್ತೆಯ ಮನೆಗೆ ಹೋದ. ಮರ ಹೋಗಿ ಅವಳ ಅಂಗಳ ಕೆಂಡದ ಹಾಗೆ ಕಾಯುತ್ತಿತ್ತು. ಮೋಟನ್ನು ನಡುವೆ ಬಿಟ್ಟು ಸುತ್ತಲೂ ಗಳ ನೆಡುತ್ತೇನೆಂದು ಅಪ್ಪ, ಬಾಗಿಲಿಗೆ ಅಡ್ಡವಾಗುತ್ತದೆ ಎಂದು ಅತ್ತೆ. ಇಬ್ಬರೂ ಕಿತ್ತಾಡಿದ್ದನ್ನು ಕೇಳಿ ಮಾವ ಅಂಗಡಿಗೆ ಓಡಿಹೋದ. ಗುಂಡಿ ತೆಗೆಯಲು ಹೊರಟಾಗ ಹಾರೆ ನಮ್ಮ ಮನೆಯಲ್ಲೇ ಉಳಿದಿದೆ ಎಂದು ಗೊತ್ತಾಯಿತು. ವಿಶಾಲೂ, ಓಡಿಹೋಗಿ ತಾ, ಎಂದ ಅಪ್ಪ ನನಗೆ. ನಾನು ಹೊರಡುವಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಾಗಿತ್ತು.

ನಾನು ಅವಳ ಹಿಂದೆಯೇ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ನಮ್ಮ ಬಾಗಿಲ ಮುಂದೆ ಅವತ್ತು ನೆರಳೂ ಇರಲಿಲ್ಲ, ಚಪ್ಪರವೂ ಇರಲಿಲ್ಲ, ಕರೆಯುವುದಕ್ಕೆ ಯಾರೂ ನಿಂತಿರಲಿಲ್ಲ. ಅತ್ತೆ ಹೊಸ್ತಿಲು ದಾಟಿ ನಡುಮನೆ ಹಾಯ್ದು ನೆಟ್ಟಗೆ ಅಡಿಗೆಮನೆಗೆ ಹೋದಳು. ಅಮ್ಮ ಒಲೆಯ ಮುಂದೆ ಕೂತವಳು ತಿರುಗಿ ನೋಡಿದಳು. ಹಾರೆ ಎಲ್ಲೈತೆ ಅತ್ತಿಗೆ, ಎಂದು ಕೇಳುತ್ತಲೇ ಅತ್ತೆ ಮಡಕೆಯ ಮುಚ್ಚಳ ತೆಗೆದು, ತಾನೇ ಲೋಟ ಮೊಗೆದು, ಗಟಗಟ ನೀರು ಕುಡಿದಳು. ಇನ್ನೊಂದು ಲೋಟ ಮೊಗೆದು ಅದನ್ನೂ ಕುಡಿದಳು. ಹಿತ್ತಿಲ ಬಾಗಿಲ ಹಿಂದೈತೆ ನೋಡು, ಎಂದಳು ಅಮ್ಮ. ಅತ್ತೆ ಲೋಟ ಬೋರಲು ಹಾಕಿ, ಹಾರೆ ಹೆಗಲಿಗಿಟ್ಟುಕೊಂಡು ಹೊರಟಳು.